ಹೊಸ್ತಿಲು ದಾಟದ ಹಲಗೆ

ಕಳೆದ ದೀಪಾವಳಿಯ ಮುನ್ನಾ ದಿನದ ಸಂಜೆ, ಪೊವಾಯಿ ಸರೋವರದ ದಂಡೆಗೆ ಸಮೀಪವಾಗಿ ಆಕಾಶಕ್ಕೆ ಏಣಿ ಹಾಕಿದಂತೆ ನಿಂತಿರುವ ಗೃಹಸಮುಚ್ಚಯವೊಂದರ 23ನೆಯ ಅಂತಸ್ತಿನಲ್ಲಿ ವಾಸವಾಗಿರುವ, ನಮ್ಮ ಉಡುಪಿ ಸೀಮೆಯವನೇ ಆದ ತರುಣ ಮಿತ್ರನೊಬ್ಬನ ಆಹ್ವಾನವನ್ನು ಮನ್ನಿಸಿ ನಾನು ಅಲ್ಲಿಗೆ ಹೋದಾಗ, ಬಾಗಿಲಲ್ಲಿ ರಂಗೋಲಿಯೂ ಗೂಡುದೀಪವೂ ಯಥಾಪ್ರಕಾರ ಇದ್ದವು. ಒಳಗೆ ಮಾತ್ರ, ಹಿಂದೆ ನಮ್ಮ ಹಿರಿಯರು ಊಟಕ್ಕೆ ಕೂಡುತ್ತಿದ್ದ ಮಣೆಯ ಎರಡರಷ್ಟು ಉದ್ದವಾದ ಒಂದು ಮರದ ಹಲಗೆಯ ಮೇಲೆ, ಉಪ್ಪಿನಲ್ಲಿ ಹದಗೊಳಿಸಿದ ಮಾಂಸದ ಗುಲಾಬಿವರ್ಣದ ಪದರಗಳು, ನಾಲ್ಕು ಬಗೆಯ ಚೀಸು, ಆಲಿವ್ ಕಾಯಿ, ಅಂಜೂರ, ಅಖರೋಟು, ಜೇನುಹುಟ್ಟಿನ ಒಂದು ತುಂಡು, ಇವೆಲ್ಲವೂ ಚಿತ್ರಕಾರನು ತನ್ನ ಫಲಕದ ಮೇಲೆ ಬಣ್ಣಗಳನ್ನು ಅಣಿಗೊಳಿಸಿದ ರೀತಿಯಲ್ಲಿ ಶೋಭಿಸುತ್ತಿದ್ದವು. ಇದಕ್ಕೆ ಶಾರ್ಕ್ಯುಟರಿ ಹಲಗೆಯೆಂದು ಹೆಸರೆಂಬುದಾಗಿಯೂ, ಇದರ ಪಕ್ಕದಲ್ಲಿ ನಿಲ್ಲಿಸಿದ್ದ ಮೂರು ಸೀಸೆಗಳಲ್ಲಿ ಯಾವ ವೈನು ಯಾವ ತುಣುಕಿಗೆ ಜೊತೆಯೆಂಬುದು ಒಂದು ಶಾಸ್ತ್ರವೇ ಆಗಿದೆಯೆಂಬುದಾಗಿಯೂ ಮಿತ್ರನು ನನಗೆ ವಿವರಿಸಿದನು.

ಕಣ್ಣಿಗೆ ಅದು ನಿಜವಾಗಿ ಹಬ್ಬವೇ. ಆದರೆ ಬಾಗಿಲನ್ನು ದಾಟಿದೊಡನೆ ನನ್ನ ಅನುಭವಕ್ಕೆ ಬಂದದ್ದು ಕಣ್ಣಿನ ಸುಖವಲ್ಲ, ಚಳಿ. ಮುಂಬಯಿಯ ಶರತ್ಕಾಲವು ಕವಿಗಳು ವರ್ಣಿಸುವ ಶರತ್ಕಾಲವಲ್ಲವೆಂಬುದನ್ನು ಇಲ್ಲಿ ಒಂದು ವರ್ಷವಾದರೂ ಬಾಳಿದವರು ಬಲ್ಲರು. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಮಳೆಗಾಲವು ಬೆನ್ನು ತಿರುಗಿಸುತ್ತಲೇ, ನಾಲ್ಕು ತಿಂಗಳು ಮೋಡದ ಮರೆಯಲ್ಲಿದ್ದ ಸೂರ್ಯನು ನೆಲದಲ್ಲಿ ಇನ್ನೂ ಆರದ ತೇವವನ್ನೆಲ್ಲ ಆವಿಯಾಗಿಸುತ್ತ, ಹಗಲಿನ ಉಷ್ಣವನ್ನು 35 ಡಿಗ್ರಿಯ ಆಸುಪಾಸಿಗೆ ಏರಿಸುತ್ತಾನೆ; ಲೋಕಲ್ ರೈಲಿನಲ್ಲಿ ಒಬ್ಬರ ಬೆವರನ್ನು ಇನ್ನೊಬ್ಬರು ಒರೆಸಿಕೊಳ್ಳುವಂಥ ಕಾಲವದು. ಇಂಥ ಸೆಖೆಯಲ್ಲಿ ಬ್ರೀ ಎಂಬ ಮೃದುವಾದ ಚೀಸು ಅರ್ಧ ಗಂಟೆಯಲ್ಲಿ ಕರಗಿ ಹಲಗೆಯ ಅಂಚಿನಿಂದ ಇಳಿದುಹೋದೀತೆಂಬ ಭೀತಿಯಿಂದ ಮಿತ್ರನು ಏಸಿಯನ್ನು 18 ಡಿಗ್ರಿಗೆ ಇಳಿಸಿಟ್ಟಿದ್ದನು. ಜರತಾರಿ ಸೀರೆಯುಟ್ಟ ಹೆಂಗಸರು ಶಾಲು ಹುಡುಕುತ್ತಿದ್ದರು. ಒಂದು ಹಲಗೆಯ ಕ್ಷೇಮಕ್ಕೋಸ್ಕರ ಇಪ್ಪತ್ತು ಮಂದಿಗೆ ಯೂರೋಪಿನ ನವೆಂಬರ್ ತಿಂಗಳನ್ನು ವಿದ್ಯುಚ್ಛಕ್ತಿಯಿಂದ ತಯಾರಿಸಿ ಹಂಚಲಾಗಿದ್ದಿತು.

ಇಷ್ಟು ಹೇಳಿದೊಡನೆ, ಹಬ್ಬದ ದಿನ ಮದ್ಯವೇ, ಮಾಂಸವೇ ಎಂದು ಹುಬ್ಬು ಗಂಟಿಕ್ಕುವವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಬೇಡಿರೆಂದು ಪ್ರಾರ್ಥಿಸುತ್ತೇನೆ. ಕನ್ನಡ ನಾಡಿನ ಭೋಜನಪರಂಪರೆಯು ಒಂದೇ ಪಂಕ್ತಿಯದಾಗಿ ಎಂದೂ ಇರಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ (ನಮ್ಮ ಸೆಂಟ್ರಲ್ ರೈಲ್ವೆಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ) ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ಅನ್ನಭೋಗವೆಂಬ ಭಾಗದಲ್ಲಿ, ಹಂದಿಯ ಮಾಂಸವನ್ನು ಸುಡುವ ಕ್ರಮವನ್ನು ಮಾತ್ರವಲ್ಲದೆ, ಕರುಳಿನೊಳಗೆ ಮಜ್ಜೆಯನ್ನು ತುಂಬಿ ಬೇಯಿಸುವ ಒಂದು ಭಕ್ಷ್ಯವನ್ನು ಸಹ ಯಾವ ಸಂಕೋಚವೂ ಇಲ್ಲದೆ ನಿರೂಪಿಸಿದ್ದಾನೆ, ಸಾಸೇಜನ್ನು ಪರದೇಶದ ಕಂಟಕವೆಂದು ದೂಷಿಸುವವರು ಅದನ್ನೊಮ್ಮೆ ಅವಲೋಕಿಸಬಹುದು. ಅದೇ ನಾಡಿನಲ್ಲಿ 16ನೆಯ ಶತಮಾನದ ಆದಿಭಾಗದಲ್ಲಿ ಜೈನಕವಿ ಮಂಗರಸನು ಮಾಂಸದ ಸೋಂಕೇ ಇಲ್ಲದ ‘ಸೂಪಶಾಸ್ತ್ರ’ವನ್ನು ರಚಿಸಿದನು. ಇಬ್ಬರೂ ನಮ್ಮವರೇ. ಯಾರ ಎಲೆಯಲ್ಲಿ ಏನಿರಬೇಕೆಂಬುದನ್ನು ಎಲೆಯ ಮುಂದೆ ಕುಳಿತವರಿಗೇ ಬಿಡುವುದು ಸೌಜನ್ಯ. ನನ್ನ ತಕರಾರು ಬೇರೆ: ನಾವು ಹಲಗೆಯನ್ನು ತಂದುಕೊಂಡೆವು, ಅದನ್ನು ಹುಟ್ಟಿಸಿದ ಬುದ್ಧಿಯನ್ನು ಅಲ್ಲಿಯೇ ಬಿಟ್ಟು ಬಂದೆವು.

ಆ ಬುದ್ಧಿಯಾದರೂ ಯಾವುದು? ಶಾರ್ಕ್ಯುಟರಿಯೆಂಬುದು ಬೇಯಿಸಿದ ಮಾಂಸವೆಂಬರ್ಥದ ಎರಡು ಫ್ರೆಂಚ್ ಪದಗಳಿಂದಾದ ಶಬ್ದ. 15ನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಹಸಿ ಮಾಂಸವನ್ನು ಮಾರುವವರ ಸಂಘ ಬೇರೆಯಾಗಿದ್ದು, ಬೇಯಿಸಿದ, ಉಪ್ಪು ಹಾಕಿದ ಪದಾರ್ಥಗಳನ್ನು ಮಾರುವ ವರ್ಗವೊಂದು ಪ್ರತ್ಯೇಕವಾಗಿ ಬೆಳೆಯಿತು. ಆದರೆ ಅವರ ಕಸುಬಿನ ಮೂಲ ಅಂಗಡಿಯಲ್ಲಿಲ್ಲ, ಹಳ್ಳಿಯ ಹಟ್ಟಿಯಲ್ಲಿದೆ. ಹಿಮ ಬೀಳತಕ್ಕ ದೇಶಗಳಲ್ಲಿ ಚಳಿಗಾಲವಿಡೀ ಎಲ್ಲ ಪಶುಗಳಿಗೂ ಮೇವೊದಗಿಸುವುದು ಬಡ ರೈತನಿಂದ ಸಾಧ್ಯವಿರಲಿಲ್ಲ. ಆದಕಾರಣ ಬೇಸಗೆಯಲ್ಲಿ ಮೇದು, ಶರತ್ಕಾಲದಲ್ಲಿ ಓಕ್ ಮರದ ಬೀಜಗಳನ್ನು ತಿಂದು ಕೊಬ್ಬಿದ ಹಂದಿಯನ್ನು ನವೆಂಬರ್ ಹೊತ್ತಿಗೆ ಕೊಯ್ದು, ಆಗ ತಿಂದಷ್ಟು ತಿಂದು, ಉಳಿದುದನ್ನು ಉಪ್ಪಿನಲ್ಲಿ ಹೂಳಿ, ಹೊಗೆಯಲ್ಲಿ ತೂಗಿಸಿ, ಗಾಳಿಯಲ್ಲಿ ಆರಿಸಿ ಮುಂದಿನ ವಸಂತದವರೆಗೆ ಕಾಪಾಡುತ್ತಿದ್ದರು. ಉಪ್ಪು ಮಾಂಸದೊಳಗಿನ ನೀರನ್ನು ಸೆಳೆದು ಹಾಕುತ್ತದೆ. ನೀರಿಲ್ಲದಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬಾಳ್ವೆಯಿಲ್ಲ. ಆ ಹೊತ್ತಿಗೇ ದ್ರಾಕ್ಷಿಯ ಕೊಯ್ಲು ಮುಗಿದು, ಪೀಪಾಯಿಗಳಲ್ಲಿ ಹೊಸ ವೈನು ತಿಳಿಯಾಗುತ್ತಿರುತ್ತದೆ. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಲ್ಲಿ ಇವೆರಡೂ ಒಂದೇ ಮೇಜಿನ ಮೇಲೆ ಕೂಡುತ್ತಿದ್ದವು. ಮಾಂಸವನ್ನೂ ವೈನನ್ನೂ ಜೊತೆಗೂಡಿಸಿದ್ದು ಯಾವ ರಸಜ್ಞರೂ ಅಲ್ಲ, ಪಂಚಾಂಗ.

ಇದನ್ನು ಓದಿದ ನಮ್ಮ ಕರಾವಳಿಯ ಯಾವ ಅಜ್ಜಿಯೂ ಆಶ್ಚರ್ಯಪಡಲಾರಳು. ನಮ್ಮ ಅಭಾವದ ಋತು ಹಿಮವಲ್ಲ, ಮಳೆ. ಆಷಾಢದಲ್ಲಿ ದೋಣಿ ಇಳಿಯುವಂತಿಲ್ಲ, ಸಂತೆ ಸೇರುವಂತಿಲ್ಲ, ಹೊಳೆ ದಾಟುವಂತಿಲ್ಲ; ಆದುದರಿಂದ ಏಪ್ರಿಲ್ ಮೇ ತಿಂಗಳುಗಳ ಉರಿಬಿಸಿಲಿನಲ್ಲಿ ಅಂಗಳಕ್ಕೆ ಚಾಪೆ ಬಿಡಿಸಿ ಹಲಸಿನ ಹಪ್ಪಳ, ಅರಳಿನ ಸಂಡಿಗೆ, ಬಾಳಕದ ಮೆಣಸು ಒಣಗಿಸುವುದು, ಭರಣಿಯಲ್ಲಿ ಮಿಡಿಮಾವನ್ನೂ ಹಲಸಿನ ತೊಳೆಯನ್ನೂ ಉಪ್ಪುನೀರಿನಲ್ಲಿ ಮುಳುಗಿಸಿಡುವುದು, ಒಣಮೀನಿನ ಕಟ್ಟುಗಳನ್ನು ಅಟ್ಟಕ್ಕೇರಿಸುವುದು, ಇವು ನಡೆದುಬಂದವು. ಗೋವೆಯವರು ಈ ಸಂಗ್ರಹಕ್ಕೆ ‘ಪುರುಮೆಂತ್’ ಎನ್ನುತ್ತಾರೆ. ದಾಸ್ತಾನು ಎಂಬರ್ಥದ ಪೋರ್ಚುಗೀಸ್ ಶಬ್ದದಿಂದ ಬಂದ ಮಾತದು, ಮಳೆಗೆ ಮೊದಲು ಅದಕ್ಕಾಗಿಯೇ ಅಲ್ಲಿ ಜಾತ್ರೆ ನೆರೆಯುತ್ತದೆ. ಪಾರ್ಮಾದ ಹಂದಿತೊಡೆ ವರ್ಷಕ್ಕೂ ಮೀರಿ ಗಾಳಿಯಲ್ಲಿ ತೂಗುವುದಕ್ಕೂ, ಕುಂದಾಪುರದ ಅಟ್ಟದಲ್ಲಿ ಹಪ್ಪಳದ ಡಬ್ಬಿ ಕಾಯುವುದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭೇದವಿರುವುದು ಬೆಲೆಯಲ್ಲಿ, ಮತ್ತು ನಮ್ಮ ನಾಚಿಕೆಯಲ್ಲಿ.

ನಾಚಿಕೆಯ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ. ಜೂನ್ ಜುಲೈ ತಿಂಗಳುಗಳ ಮೀನುಗಾರಿಕೆಯ ನಿಷೇಧ ಮುಗಿದು, ನಾರಳಿ ಪೂರ್ಣಿಮೆಯಂದು ಇಲ್ಲಿಯ ಬೆಸ್ತರಾದ ಕೋಳಿ ಜನರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಮಳೆ ಪೂರ್ತಿ ಹಿಂಗಿದ ಬಳಿಕ ವರ್ಸೋವಾ, ಮಢ, ಗೊರಾಯಿ, ಉತ್ತನಗಳ ಕಡಲತಡಿಯಲ್ಲಿ ಬಿದಿರಿನ ಗಳಗಳನ್ನು ಸಾಲುಸಾಲಾಗಿ ನಿಲ್ಲಿಸಿ ಹಗ್ಗ ಬಿಗಿಯುತ್ತಾರೆ. ಆ ಹಗ್ಗಗಳ ಮೇಲೆ ಎರಡೆರಡು ಬೊಂಬಿಲ್ ಮೀನುಗಳನ್ನು, ಒಂದರ ಬಾಯಿಗೆ ಇನ್ನೊಂದರ ಬಾಯಿಯನ್ನು ಸಿಕ್ಕಿಸಿ ತೂಗುಹಾಕುತ್ತಾರೆ. ಬೊಂಬಿಲ್ ಮೀನಿನ ಶರೀರದಲ್ಲಿ ಬಹುಭಾಗವು ನೀರೇ ಆದ್ದರಿಂದ ಹಸಿಯಾಗಿ ಅದು ಒಂದು ದಿನವೂ ಬಾಳುವುದಿಲ್ಲ. ಒಣಗಿತೆಂದರೆ ವರ್ಷವನ್ನು ಕಾಣುತ್ತದೆ. ಆಂಗ್ಲರು ಅದಕ್ಕೆ ‘ಬಾಂಬೆ ಡಕ್’ ಎಂದು ಹೆಸರಿಟ್ಟು ತಮ್ಮ ದೇಶಕ್ಕೂ ಒಯ್ದರು. ಶರತ್ಕಾಲದಲ್ಲಿ ಪ್ರಾರಂಭವಾಗುವ, ಸ್ಥಳದ ಗಾಳಿಯಿಂದಲೂ ಬಿಸಿಲಿನಿಂದಲೂ ಸಿದ್ಧವಾಗುವ, ನಗರದ ಹೆಸರನ್ನೇ ಹೊತ್ತಿರುವ ಇಂಥ ಪದಾರ್ಥವು ಇಟಲಿಯ ಯಾವುದೋ ಊರಿನಲ್ಲಿದ್ದಿದ್ದರೆ ಅದಕ್ಕೊಂದು ಮುದ್ರೆಯೂ ಸಂರಕ್ಷಣಾ ಸಂಘವೂ ಇರುತ್ತಿದ್ದವು. ನಮ್ಮಲ್ಲಿ ಅದರ ವಾಸನೆಗೆ ಹೆದರಿ ಹೌಸಿಂಗ್ ಸೊಸೈಟಿಗಳ ಸಭೆಗಳಲ್ಲಿ ದೂರುಗಳು ಏಳುತ್ತವೆ. ದೂರು ಕೊಟ್ಟವನೇ ಸಂಜೆಗೆ, ವಾಸನೆಯಲ್ಲಿ ಬೊಂಬಿಲಿಗೆ ಯಾವ ವಿಧದಲ್ಲೂ ಸೋಲದ ನೀಲಿ ಬೂಷ್ಟಿನ ಚೀಸನ್ನು, ಅಹಾ, ಎಷ್ಟು ಗಂಭೀರವಾದ ಪರಿಮಳ ಎಂದು ಸವಿಯುವುದನ್ನು ನಾನು ಕಂಡಿದ್ದೇನೆ.

ಈ ನಗರದ ಹಲಗೆಯನ್ನು ಈ ನಗರದಿಂದಲೇ ತುಂಬಬಹುದೆಂಬುದಕ್ಕೆ ಬೊಂಬಿಲೊಂದೇ ಸಾಕ್ಷಿಯಲ್ಲ. ಪಾರಸಿಗಳ ‘ಟೊಪ್ಲಿ ನು ಪನೀರ್’ ಇದೆ. ಪುಟ್ಟ ಬುಟ್ಟಿಗಳಲ್ಲಿ ಹೆಪ್ಪುಗಟ್ಟಿ, ಬುಟ್ಟಿಯ ಹೆಣಿಗೆಯ ಗುರುತನ್ನು ಮೈಮೇಲೆ ಹೊತ್ತು, ತನ್ನದೇ ಹಾಲೊಡಕಿನಲ್ಲಿ ತೇಲುವ ಆ ಉಪ್ಪುಪ್ಪಾದ ಚೀಸು, ನಾನು ತಿಂದುನೋಡಿದ ಹೊರದೇಶದ ಎಷ್ಟೋ ಮೃದು ಚೀಸುಗಳಿಗಿಂತ ಮಿಗಿಲು. ಗೋವೆಯವರ ಚೋರಿಸ್ ಇದೆ. ವಿನೆಗರ್, ಒಣಮೆಣಸು, ಬೆಳ್ಳುಳ್ಳಿಗಳಲ್ಲಿ ನೆನೆದ ಹಂದಿಮಾಂಸವನ್ನು ಕರುಳಿಗೆ ತುಂಬಿ ಜಪಮಾಲೆಯ ಮಣಿಗಳಂತೆ ಕಟ್ಟಿದ ಈ ಸರಗಳು ಮುಂಬಯಿಯ ಗೋವನ್ ಅಂಗಡಿಗಳಲ್ಲಿ ತೂಗುವುದನ್ನು ಕಾಣಬಹುದು. ಇನ್ನು ಈಸ್ಟ್ ಇಂಡಿಯನ್ನರು. ಪೂರ್ವದಿಕ್ಕಿಗೂ ಅವರಿಗೂ ಸಂಬಂಧವಿಲ್ಲ. ಸಾಷ್ಟಿ ವಸಯಿಗಳ ಮೂಲನಿವಾಸಿ ಕ್ರೈಸ್ತರಾದ ಇವರು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷ, ತಮಗೆ ಆ ಹೆಸರನ್ನು ಇಟ್ಟುಕೊಂಡು ಸಂಘವನ್ನು ಸ್ಥಾಪಿಸಿದರು. ಬಾಂದ್ರಾದ ಹಳೆಯ ಓಣಿಗಳ ಅವರ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಭರಣಿಗಳಲ್ಲಿ ವೈನು ಹುದುಗುತ್ತಿದ್ದಾಗ, ವೈನನ್ನು ಕುರಿತು ಭಾಷಣ ಮಾಡುವವರು ಈ ನಗರದಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೊಸಬರಲ್ಲಿಯೂ ವಿವೇಕಿಗಳಿದ್ದಾರೆ. ಸ್ಪಾಟೆಡ್ ಕೌ ಎಂಬ ಹೆಸರಿನಲ್ಲಿ ಇಲ್ಲಿಯೇ ಚೀಸು ತಯಾರಿಸುವ ಇಬ್ಬರು ಸೋದರರು ತಮ್ಮ ಬ್ರೀಗೆ ‘ಬಾಂಬ್ರೀ’ ಎಂದೂ ಕ್ಯಾಮಂಬೇರಿಗೆ ‘ಕ್ಯಾಮಂಬೇ’ ಎಂದೂ ನಾಮಕರಣ ಮಾಡಿದ್ದಾರೆ. ಶ್ಲೇಷೆಯಾದರೂ ಸ್ವದೇಶಿಯಾಗಿದೆಯಲ್ಲ ಎಂದು ನನಗೆ ಸಂತೋಷ.

ವೈನಿನ ಸಂಗತಿಯಲ್ಲಿ ನಮ್ಮ ಪಂಚಾಂಗವು ಇನ್ನಷ್ಟು ತಲೆಕೆಳಗು. ಫ್ರಾನ್ಸಿನಲ್ಲಿ ಸೆಪ್ಟೆಂಬರಿನಲ್ಲಿ ಕೊಯ್ಲಾದರೆ ನಾಸಿಕದಲ್ಲಿ ಜನವರಿಯಿಂದ ಮಾರ್ಚಿನವರೆಗೆ. ನಾವು ದಸರೆ ದೀಪಾವಳಿಗಳಲ್ಲಿ ಲೋಟವೆತ್ತುವ ಹೊತ್ತಿನಲ್ಲಿ ಅಲ್ಲಿಯ ರೈತನು ಕೈಯಲ್ಲಿ ಕತ್ತರಿ ಹಿಡಿದು ‘ಛಾಟಣಿ’ ನಡೆಸುತ್ತಿರುತ್ತಾನೆ. ಏಪ್ರಿಲಿನಲ್ಲೊಮ್ಮೆ ಬಳ್ಳಿಯ ಬಲಕ್ಕಾಗಿ, ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ ಫಲಕ್ಕಾಗಿ, ಹೀಗೆ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರದಿದ್ದರೆ ಉಷ್ಣವಲಯದಲ್ಲಿ ದ್ರಾಕ್ಷಿಗೆ ಶಿಸ್ತು ಬಾರದು. 1980ರ ದಶಕದಲ್ಲಿ ಶ್ಯಾಮ ಚೌಗುಲೆಯವರು ನಾರಾಯಣಗಾಂವಿನಲ್ಲಿ ನೊರೆವೈನನ್ನು ತಯಾರಿಸಿ ಹೊರದೇಶಗಳಿಗೆ ಕಳುಹಿಸಿದಾಗಲೂ, 1988ರಲ್ಲಿ ಕನ್ವಲ್ ಗ್ರೋವರ್ ಅವರು ನಮ್ಮ ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟಾಗಲೂ, ನಾಸಿಕದ ಸುಲಾ ಎಂಬ ಸಂಸ್ಥೆ 2000ದಲ್ಲಿ ತನ್ನ ಮೊದಲ ಸೀಸೆಗಳನ್ನು ಮಾರುಕಟ್ಟೆಗೆ ತಂದಾಗಲೂ ನಕ್ಕವರಿದ್ದರು. ಈಗ ಯಾರೂ ನಗುವುದಿಲ್ಲ. ಬದಲಾಗಿ ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕೆಂದು ಎಲ್ಲಿಯೋ ಓದಿದುದನ್ನು ನಂಬಿ, 31 ಡಿಗ್ರಿಯ ಮುಂಬಯಿ ಕೋಣೆಯಲ್ಲಿ ಅದನ್ನು ಕಷಾಯದಂತೆ ಸೇವಿಸುತ್ತಾರೆ. ಆ ಮಾತು ಕಲ್ಲುಗೋಡೆಯ ತಣ್ಣನೆಯ ಮನೆಗಳಲ್ಲಿ ಹುಟ್ಟಿದ್ದು; ಅಲ್ಲಿ ಕೋಣೆಯೆಂದರೆ 16 ರಿಂದ 18 ಡಿಗ್ರಿ. ಇಲ್ಲಿ ಕೆಂಪನ್ನೂ ಕೊಂಚ ಕಾಲ ಫ್ರಿಜ್ಜಿನಲ್ಲಿಡತಕ್ಕದ್ದು.

ಜೋಡಣೆಯ ಶಾಸ್ತ್ರವೆಂದು ಮಿತ್ರನು ಭಯಭಕ್ತಿಯಿಂದ ಹೇಳಿದ್ದು ಸಹ ನಮ್ಮ ಅಡುಗೆಮನೆ ಅರಿಯದ್ದಲ್ಲ. ಕೊಬ್ಬನ್ನು ಹುಳಿ ಕತ್ತರಿಸುತ್ತದೆ, ಉಪ್ಪನ್ನು ಸಿಹಿ ಸಂತೈಸುತ್ತದೆ, ಒಗರು ಜಿಡ್ಡನ್ನು ತೊಳೆಯುತ್ತದೆ. ಕೊಡಗಿನವರು ಪಂದಿಕರಿಗೆ ಕಾಚಂಪುಳಿಯನ್ನು ಹಾಕುವುದು ಇದರಿಂದಲೇ. ಒಂದು ವಿಷಯದಲ್ಲಿ ಮಾತ್ರ ಹೊರದೇಶದ ಪುಸ್ತಕಗಳು ನಮಗೆ ದಾರಿ ತೋರಲಾರವು: ಖಾರ. ಮೆಣಸಿನ ಉರಿಯನ್ನು ಮದ್ಯಸಾರವು ಇಮ್ಮಡಿಸುತ್ತದೆ, ಕೆಂಪು ವೈನಿನ ಒಗರು ಅದಕ್ಕೆ ಕಹಿಯನ್ನು ಕೂಡಿಸುತ್ತದೆ. ಚಕ್ಕುಲಿಗೆ, ಖಾರದ ಅವಲಕ್ಕಿಗೆ, ಚೋರಿಸಿಗೆ ತಣ್ಣಗಿನ, ಕಿಂಚಿತ್ ಸಿಹಿಯುಳ್ಳ ಬಿಳಿಯ ಶೆನಿನ್ ಬ್ಲಾಂಕ್ ಅಥವಾ ನೊರೆವೈನೇ ಸರಿ. ನಾಸಿಕದಲ್ಲಿ ಎರಡಕ್ಕೂ ಕೊರತೆಯಿಲ್ಲ. ಮಿತ್ರನ ಮನೆಯಲ್ಲಿ ಇದನ್ನು ನಾನು ಗುಟ್ಟಾಗಿ ಪರೀಕ್ಷಿಸಿದೆನು, ಏಕೆಂದರೆ ಚಕ್ಕುಲಿಯ ಡಬ್ಬಿಯನ್ನು ಅಡುಗೆಮನೆಯಲ್ಲಿ ಅಡಗಿಸಿಡಲಾಗಿದ್ದಿತು.

ಸರ್ಕಾರದ ವಿಚಾರವನ್ನು ಹೇಳದೆ ಬಿಟ್ಟರೆ ವೈನಿನ ಕಥೆ ಅಪೂರ್ಣವಾದೀತು. 1949ರ ಬಾಂಬೆ ಪಾನನಿಷೇಧ ಶಾಸನದ ಮೇರೆಗೆ ಇಂದಿಗೂ ಈ ನಗರದಲ್ಲಿ ಕುಡಿಯುವವನು ಪರವಾನಿಗೆಯುಳ್ಳವನಾಗಿರಬೇಕು. ಒಂದು ದಿನದ ಪರವಾನಿಗೆ 5 ರೂಪಾಯಿಗೆ ದೊರೆಯುತ್ತದೆ. ಮಿತ್ರನ ಮನೆಯ ಇಪ್ಪತ್ತು ಅತಿಥಿಗಳಲ್ಲಿ ಎಷ್ಟು ಮಂದಿಯ ಕಿಸೆಯಲ್ಲಿ ಅದಿದ್ದಿತೆಂದು ಕೇಳುವ ಅಸಭ್ಯತೆಯನ್ನು ನಾನು ತೋರಲಿಲ್ಲ. 2001ರಲ್ಲಿ ಇದೇ ರಾಜ್ಯವು ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ತಂದು ವೈನು ತಯಾರಕರಿಗೆ ರಿಯಾಯಿತಿಗಳನ್ನು ನೀಡಿತು. ಕರ್ನಾಟಕವು 2007ರಲ್ಲಿ ಅದೇ ಹಾದಿಯನ್ನು ಹಿಡಿಯಿತು. 2022ರ ಜನವರಿ 27ರಂದು ದೊಡ್ಡ ದಿನಸಿ ಅಂಗಡಿಗಳಲ್ಲಿಯೂ ವೈನನ್ನು ಮಾರಬಹುದೆಂದು ಮಹಾರಾಷ್ಟ್ರದ ಮಂತ್ರಿಮಂಡಲ ನಿರ್ಣಯಿಸಿದಾಗ ವಿರೋಧಪಕ್ಷ ಗುಡುಗಿತು, ಅಣ್ಣಾ ಹಜಾರೆಯವರು ಉಪವಾಸ ಹೂಡುವುದಾಗಿ ಸಾರಿದರು, ನಿರ್ಣಯವು ಕಡತದಲ್ಲಿಯೇ ಉಳಿಯಿತು. ವೈನು ರೈತನ ಬೆಳೆಯೆಂದು ಒಂದು ಕೈಯಿಂದ ಬೆನ್ನು ತಟ್ಟಿ, ಮಾದಕವೆಂದು ಇನ್ನೊಂದು ಕೈಯಿಂದ ಕಿವಿ ಹಿಂಡುವ ಈ ದ್ವಂದ್ವಕ್ಕಿಂತ, ಇದು ಬೇಕು ಅಥವಾ ಬೇಡ ಎಂಬ ಒಂದು ಮಾತನ್ನು ಹೇಳಿಬಿಡುವುದು ಲೇಸು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದೇ ಬಿದ್ದು, ಗಾಂಧೀಜಿಯ ಜಯಂತಿಯ ನಿಮಿತ್ತ ಅಂಗಡಿಗಳೆಲ್ಲ ಮುಚ್ಚಿದ್ದುದರಿಂದ ಹಲಗೆಯ ಭಕ್ತರು ಹಿಂದಿನ ದಿನವೇ ಸಾಲುಗಟ್ಟಿ ನಿಂತದ್ದನ್ನು ಕಂಡೆನು. ಬಾಪೂ ಸಹ ನಕ್ಕಿದ್ದಾರು.

ಪರವಾನಿಗೆಯ ಮಾತಿನಿಂದ ನಮ್ಮ ತುಳುನಾಡಿನ ಶೆಟ್ಟರ ನೆನಪು ಬಾರದಿರಲು ಸಾಧ್ಯವಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಕನ್ನಡದ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದ ಆ ತಲೆಮಾರು ಇಡ್ಲಿ ಸಾಂಬಾರನ್ನು ಮಾತ್ರ ಈ ನಗರಕ್ಕೆ ಕೊಡಲಿಲ್ಲ. ನಿಷೇಧದ ಬಿಗಿ ಸಡಿಲವಾದ ಬಳಿಕ ‘ಪರ್ಮಿಟ್ ರೂಮ್’ ಎಂಬ ಮಂದಬೆಳಕಿನ ಕೊಠಡಿಗಳನ್ನೂ ಕೊಟ್ಟಿತು. ಅಲ್ಲಿ ಗಿರಾಕಿ ಕುಳಿತೊಡನೆ, ಕೇಳುವ ಮೊದಲೇ, ಸ್ಟೀಲಿನ ತಟ್ಟೆಯಲ್ಲಿ ಚಕಣಾ ಬರುತ್ತದೆ: ಉಪ್ಪು ಹಾಕಿದ ಶೇಂಗಾ, ಬೇಯಿಸಿದ ಕಡಲೆ, ಸೌತೆಕಾಯಿಯ ಹೋಳು, ಈರುಳ್ಳಿ ಹರಡಿದ ಮಸಾಲಾ ಪಾಪಡು. ಉಪ್ಪು ದಾಹವನ್ನು ಹೆಚ್ಚಿಸುತ್ತದೆಂಬ ವ್ಯಾಪಾರದ ಸೂಕ್ಷ್ಮವು ಇದರಲ್ಲಿದೆ, ನಿಜ; ಆದರೆ ಹೊರೆ ಹೊತ್ತು ಬಂದ ಹಮಾಲನಿಗೂ ಲೆಕ್ಕ ಬರೆದು ಬಂದ ಗುಮಾಸ್ತನಿಗೂ ಅದೇ ತಟ್ಟೆ, ಅದಕ್ಕೆ ಬಿಲ್ಲಿಲ್ಲ. ಪಾನದೊಡನೆ ತುಸುತುಸುವಾಗಿ ಬಾಯಾಡಿಸತಕ್ಕ ತಟ್ಟೆಯೆಂಬುದನ್ನು ಮುಂಬಯಿಯು ಪ್ಯಾರಿಸ್ಸಿನಿಂದ ಕಲಿಯಬೇಕಾಗಿರಲಿಲ್ಲ.

ಕಡೆಗೆ ಫರಾಳದ ಮಾತು. ಚಕಲಿ, ಶೇವು, ಚಿವಡಾ, ಶಂಕರಪಾಳಿ, ಕರಂಜಿ, ಅನಾರಸೆ, ಬೇಸನ್ ಲಾಡು: ದೀಪಾವಳಿಯ ಈ ತಿಂಡಿಗಳು ಏಕೆ ಹೀಗೆಯೇ ಇವೆಯೆಂದು ಆಲೋಚಿಸಿದವರಿಗೆ, ಇವೆಲ್ಲವೂ ನೀರನ್ನು ಹೊರಗಟ್ಟುವ ಕಲೆಯ ಉದಾಹರಣೆಗಳೆಂಬುದು ಹೊಳೆಯುತ್ತದೆ. ಹಿಟ್ಟನ್ನು ಹುರಿದು, ಎಣ್ಣೆಯಲ್ಲಿ ಕರಿದು, ಪಾಕದಲ್ಲಿ ಬಿಗಿದು ಹದಿನೈದು ದಿನ ಕೆಡದಂತೆ ಮಾಡಿದ ಈ ತಟ್ಟೆಯೇ ನಮ್ಮ ಶರತ್ಕಾಲದ ಹಲಗೆ. ಇದಕ್ಕೆ ಏಸಿ ಬೇಕಿಲ್ಲ. ಗಿರಗಾಂವಿನ, ಲಾಲಬಾಗಿನ, ಪರೇಲಿನ ಚಾಳುಗಳಲ್ಲಿ, ಹೆಣೆದ ವಸ್ತ್ರದ ಮುಸುಕನ್ನು ಹೊತ್ತ ಈ ತಟ್ಟೆಗಳು ಸಂಜೆಯ ಹೊತ್ತು ಉದ್ದನೆಯ ಮೊಗಸಾಲೆಯಲ್ಲಿ ಬಾಗಿಲಿಂದ ಬಾಗಿಲಿಗೆ ಸಂಚರಿಸುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡವನು; ಸಂಚರಿಸಿದವನೂ ಹೌದು, ಏಕೆಂದರೆ ತಟ್ಟೆ ಹೊರುವುದು ಹುಡುಗರ ಕೆಲಸವಾಗಿದ್ದಿತು. ನಮ್ಮ ಮನೆಯ ಕೋಡುಬಳೆ ಕೊಂಕಣದ ಮನೆಗೆ ಹೋಗಿ, ಆ ಮನೆಯ ಅನಾರಸೆ ಗುಜರಾತಿಯ ಮನೆಗೆ ಹೋಗಿ, ಗುಜರಾತಿಯ ಮಠಿಯಾ ನಮ್ಮಲ್ಲಿಗೆ ಬಂದು ಚಕ್ರ ಪೂರ್ಣವಾಗುತ್ತಿತ್ತು. ಪೊವಾಯಿಯ ಹಲಗೆಯಾದರೋ ಎಷ್ಟು ಭಾರವೆಂದರೆ, ಅದನ್ನು ತರಲು ಇಬ್ಬರು ಬೇಕಾದರೆಂದು ಮಿತ್ರನು ಹೆಮ್ಮೆಯಿಂದ ಹೇಳಿದನು. ಎದುರು ಬಾಗಿಲಿನ ಕುಟುಂಬ ಯಾವುದೆಂದು ನಾನು ವಿಚಾರಿಸಿದಾಗ ಅವನು ತುಸು ಹೊತ್ತು ಯೋಚಿಸಬೇಕಾಯಿತು.

ಹೀಗೆಂದು ಅವನನ್ನು ಜರೆದು ಮುಗಿಸಬಹುದಾಗಿದ್ದಿತು. ಆದರೆ ಹೊರಡುವಾಗ ಅವನ ತಾಯಿ ಒಳಗಿನಿಂದ ಒಂದು ಕೈಹಲಗೆಯನ್ನು, ಅದರ ಮೇಲೆ ಉಳಿದ ಚೀಸಿನ ತುಂಡುಗಳನ್ನೂ ಅಡಗಿಸಿದ್ದ ಚಕ್ಕುಲಿಯನ್ನೂ ಇಟ್ಟು ವಸ್ತ್ರ ಕಟ್ಟಿ ನನ್ನ ಕೈಗಿತ್ತರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಆ ಕೈಹಲಗೆಯು ಕಳೆದ ಹಲವು ತಿಂಗಳುಗಳಿಂದ ಮುಲುಂಡಿನ ನಮ್ಮ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದೆ. ಟೊಪ್ಲಿ ನು ಪನೀರನ್ನು ಇಡುವುದೆಂದು ಒಂದು ಸಲ ನಿಶ್ಚಯಿಸಿದ್ದೆವು; ಅದನ್ನು ಮಾರುವ ಪಾರಸಿ ಅಂಗಡಿಯಿಂದ ತರುವ ದಾರಿಯಲ್ಲಿ, ರೈಲಿನ ನೂಕುನುಗ್ಗಲಿನಲ್ಲಿ ಹಾಲೊಡಕು ಚೆಲ್ಲಿ ನನ್ನ ಪಂಚೆ ನೆನೆಯಿತು. ಈ ಸಲ ಮಳೆ ಹಿಂಗಿದೊಡನೆ ವರ್ಸೋವಾಕ್ಕೆ ಹೋಗಿ ಹೊಸ ಒಣಬೊಂಬಿಲನ್ನು ತಂದು, ಹುರಿದು, ಒಂದು ಸೀಸೆ ನಾಸಿಕದ ಶೆನಿನ್ ಜೊತೆಗಿಟ್ಟು ಕಳುಹಿಸೋಣವೆಂದು ನಾನು ಸೂಚಿಸಿದ್ದೇನೆ. ಅದರ ವಾಸನೆಗೆ 23ನೆಯ ಅಂತಸ್ತಿನ ಸೊಸೈಟಿಯವರು ಲಿಫ್ಟಿನಲ್ಲಿಯೇ ತಡೆದಾರೆಂದು ಮನೆಯಾಕೆಯ ವಾದ. ಕೋಡುಬಳೆ ಸಾಕು ಎನ್ನುತ್ತಾಳೆ. ತೀರ್ಮಾನವಾಗಿಲ್ಲ.